ನಕ್ಷತ್ರ ನೋಡೋಕೆ ತುದಿಯೇ ಬೇಕಾ?

ಹವಾಯಿಯ ಮೌನಾ ಕೇಯಾ ಬೆಟ್ಟಕ್ಕೆ ಹೋಗಿ ಬಂದವರದ್ದು ಒಂದೇ ದೂರು, ಕತ್ತಲಾಗುವಷ್ಟರಲ್ಲಿ ಕೆಳಗಿಳಿಸಿಬಿಡ್ತಾರೆ ಅಂತ. ಶಿವಮೊಗ್ಗದಿಂದ ಬಂದಿದ್ದ ನಮ್ಮ ಭಾವನದ್ದೂ ಅದೇ ರಾಗ. ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಪ್ರವಾಸಿಗರು ತುದಿ ಖಾಲಿ ಮಾಡಬೇಕು. ನಕ್ಷತ್ರ ನೋಡೋದೇನಿದ್ದರೂ ಕೆಳಗೆ, 2,800 ಮೀಟರ್ ಎತ್ತರದ ವಿಸಿಟರ್ ಸ್ಟೇಷನ್ ಹತ್ತಿರ. "ಅಲ್ಲ ಮಾರಾಯ, ಇಷ್ಟು ದುಡ್ಡು ಸುರಿದು ಅರ್ಧ ದಾರೀಲಿ ನಿಂತು ನೋಡೋದಾ?"

ನಾನಂತೂ ಈ ನಿಯಮದ ಪರ.

ತುದಿ ಇರುವುದು ಸುಮಾರು 4,200 ಮೀಟರ್ ಎತ್ತರದಲ್ಲಿ. ಸಮುದ್ರದ ದಡದ ಹೀಲೋ ಊರಿಂದ ಎರಡು ಗಂಟೆಯೊಳಗೆ ಅಲ್ಲಿಗೆ ಹತ್ತಿಬಿಡಬಹುದು, ಮೈ ಒಗ್ಗಿಕೊಳ್ಳಲು ಪುರುಸೊತ್ತೇ ಇಲ್ಲ. ಅದಕ್ಕೇ ಮಧ್ಯದಲ್ಲಿ ಅರ್ಧ ಗಂಟೆ ಕೂತು ಹೋಗಿ ಅನ್ನುತ್ತಾರೆ. ನಾವು ಕೂತಾಗ ಕೋಡುಬಳೆ ಪ್ಯಾಕೆಟ್ ಬಲೂನಿನಂತೆ ಊದಿಕೊಂಡಿತ್ತು. ಮೇಲೆ ಹೋದ ಮೇಲೆ ಭಾವ ಕಾರಿನಿಂದ ಇಳಿದು ಹತ್ತು ಹೆಜ್ಜೆ ಹಾಕಿ, ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. ಕತ್ತಲಲ್ಲಿ ನೋಡುವ ಕಣ್ಣಿಗೆ ಆಮ್ಲಜನಕ ಸಿಕ್ಕಾಪಟ್ಟೆ ಬೇಕು. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಅರವತ್ತು ಪರ್ಸೆಂಟ್ ಅಷ್ಟೇ. ಹಾಗಾಗಿ ಬರಿಗಣ್ಣಿಗೆ ತುದಿಗಿಂತ ಮಧ್ಯದಲ್ಲೇ ಹೆಚ್ಚು ನಕ್ಷತ್ರ ಕಾಣೋದು. ತುದಿಯಲ್ಲಿರುವ ದೊಡ್ಡ ಟೆಲಿಸ್ಕೋಪುಗಳಿಗೆ ಉಸಿರಾಡುವ ಗೋಜಿಲ್ಲ, ಅವು ಮೇಲಿರಲಿ. ನಮ್ಮ ಕಾರಿನ ಹೆಡ್‌ಲೈಟ್ ಅವಕ್ಕೆ ತೊಂದರೆ ಕೊಡದಿರಲಿ.

ಇನ್ನೊಂದು ವಿಷಯ. ಅಲ್ಲಿನ ಮೂಲನಿವಾಸಿಗಳಿಗೆ ಅದು ದೇವರ ಬೆಟ್ಟ. 30 ಮೀಟರ್ ಅಗಲದ ಕನ್ನಡಿಯ ಹೊಸ ಟೆಲಿಸ್ಕೋಪ್ ಬೇಡವೆಂದು 2019ರಲ್ಲಿ ಮುದುಕ ಮುದುಕಿಯರು ದಾರಿಗಡ್ಡ ಕೂತಿದ್ದರು. ಆ ಟೆಲಿಸ್ಕೋಪ್ ಯೋಜನೆಯಲ್ಲಿ ನಮ್ಮ ಭಾರತದ ಪಾಲೂ ಇದೆ. ಅದರ ಕನ್ನಡಿ ತುಂಡುಗಳನ್ನು ಉಜ್ಜಿ ಹದಮಾಡಲು ಹೊಸಕೋಟೆಯಲ್ಲಿ ವ್ಯವಸ್ಥೆ ಮಾಡಿದ್ದಾರೆ. ಯಾರು ಸರಿ ಅಂತ ತೀರ್ಪು ಕೊಡಲು ನಾನ್ಯಾರು? ಆದರೆ ರಾತ್ರಿಯೂ ಅಲ್ಲಿ ಟೂರಿಸ್ಟ್ ಜಾತ್ರೆ ನೆರೆಯದಿದ್ದರೆ ಯಾರಿಗೂ ನಷ್ಟವಿಲ್ಲ.

ಕೆಳಗಿಳಿದು ಇಪ್ಪತ್ತು ನಿಮಿಷ ಕತ್ತಲಲ್ಲಿ ನಿಂತೆವು. ಭಾವನ ತಲೆನೋವು ಇಳಿದಿತ್ತು. ಹೆಚ್ಚುಕಡಿಮೆ ನಮ್ಮೂರಿನದೇ ಆಕಾಶ, ಧ್ರುವ ಮಾತ್ರ ಮೂರು ಬೆರಳಿನಷ್ಟು ಮೇಲೆ. ಪೂರ್ವಕ್ಕೆ ಕೃತ್ತಿಕೆ. ಮೇಲೆ ನೋಡಿದ ಸುಬಾರು ಟೆಲಿಸ್ಕೋಪಿನ ಹೆಸರೂ ಇದೇ, ಜಪಾನಿಯಲ್ಲಿ ಕೃತ್ತಿಕೆ ಅಂತ, ಅಂದೆ. ಭಾವ ಕೇಳಿಸಿಕೊಳ್ಳಲೇ ಇಲ್ಲ. ಬೆರಳು ಮಡಚುತ್ತಾ "ಐದು... ಆರು..." ಅನ್ನುತ್ತಿದ್ದವರು ಒಮ್ಮೆಲೇ ಕೂಗಿದರು, "ಏಯ್, ಯಾರದು? ಲೈಟ್ ಆರ್ಸ್ರೀ!"

ಕೋಡುಬಳೆ ಹುಡುಕಲು ಮೊಬೈಲ್ ಟಾರ್ಚ್ ಹಾಕಿದ್ದು ನಾನೇ.