ಕಡುಬೂದು

"ರಿಫ್ರೆಶ್ ಮಾಡಿದ್ರಾ ಮಾಮ?"

ಯಾವ ಕಾಯಿಲೆಗೂ ನನ್ನ ಅಕ್ಕನ ಮಗ ಕೊಡುವ ಮಾತ್ರೆ ಇದೊಂದೇ. ಚಿತ್ರ ಕಾಣುತ್ತಿಲ್ಲ ಅಂದರೆ ರಿಫ್ರೆಶ್. ಅಕ್ಷರ ದಪ್ಪ ಆಗುತ್ತಿಲ್ಲ ಅಂದರೆ ರಿಫ್ರೆಶ್. ಸಿಟ್ಟು ಬರುವುದು ಯಾಕೆ ಅಂದರೆ, ಹತ್ತರಲ್ಲಿ ಏಳು ಸಲ ಆ ಮಾತ್ರೆ ಕೆಲಸ ಮಾಡುತ್ತದೆ. ಬ್ರೌಸರ್ ಹಳೇ ಪುಟವನ್ನು ಬಚ್ಚಿಟ್ಟುಕೊಂಡು ಅದನ್ನೇ ತೋರಿಸುತ್ತಾ ಕೂತಿರುತ್ತದಂತೆ. ಕಂಟ್ರೋಲ್ ಒತ್ತಿ ಹಿಡಿದು ಎಫ್5 ಒತ್ತಿದರೆ ಹೊಸದನ್ನು ತರುತ್ತದಂತೆ. ಇದನ್ನು ಅವನು ಮೊದಲ ದಿನವೇ ಹೇಳಬಹುದಿತ್ತು. ಒಂಬತ್ತನೇ ದಿನ ಹೇಳಿದ.

ಉಳಿದ ಮೂರು ಸಲದ ಕತೆ ಇದು.

ನಾನು ವೆಬ್‌ಸೈಟ್ ಮಾಡಲು ಹೊರಟಿದ್ದು ಯಾಕೆ ಅಂತ ಕೇಳಬೇಡಿ. ಶುರುವಿನಲ್ಲಿ ಒಂದು ಕಾರಣ ಇತ್ತು. ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. 'ಅರ್ಧ ಗಂಟೆ ಸಾಕು' ಎನ್ನುವ ಒಂದು ವಿಡಿಯೊ ನೋಡಿದ್ದೆ. ಅದರಲ್ಲಿ ಮಾತಾಡುವ ಹುಡುಗನಿಗೆ ಅರ್ಧ ಗಂಟೆ ಸಾಕು, ನಿಜ. ಅವನು 'ಸಿಂಪಲ್' ಅಂದಾಗಲೆಲ್ಲ ನಾನು ವಿಡಿಯೊ ನಿಲ್ಲಿಸಿ ಹಿಂದಕ್ಕೆ ಎಳೆಯುತ್ತಿದ್ದೆ. ರೆಡಿಮೇಡ್ ಸಿಗುತ್ತೆ, ಒಂದೊಂದು ಡಬ್ಬಿ ಎಳೆದು ಕೂರಿಸಿದರೆ ಆಯ್ತು ಅಂತ ಬುದ್ಧಿ ಹೇಳಿದವರೂ ಇದ್ದರು. ಬೇಡ, ನಾನೇ ಕೈಯಾರೆ ಬರೀತೀನಿ ಅಂದೆ. ಆ ಒಂದು ಮಾತಿಗೆ ಈಗಲೂ ದಂಡ ಕಟ್ಟುತ್ತಿದ್ದೇನೆ. ಆದರೂ ಇದರಿಂದ ಒಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಮೊದಲ ಪುಟದಲ್ಲಿ ಇದ್ದದ್ದು ಒಂದೇ ಪದ. 'ನಮಸ್ಕಾರ'. ಉಳಿಸಿ, ಬ್ರೌಸರ್‌ನಲ್ಲಿ ತೆರೆದೆ. ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷಿನ 'ಎ'ಗಳು ಸಾಲಾಗಿ ನಿಂತಿದ್ದವು. ನಡುನಡುವೆ ಮೇಲಕ್ಕೆ ಹಾರಿಕೊಂಡ ಪುಟ್ಟ 2, ಪುಟ್ಟ 3. ನಾನು ನಮಸ್ಕಾರ ಅಂದರೆ ಅದು ಬೈದ ಹಾಗಿತ್ತು.

"ಮೇಲೆ ಯುಟಿಎಫ್-8 ಅಂತ ಒಂದು ಸಾಲು ಹಾಕ್ಬೇಕು ಮಾಮ. ಅದು ಎಲ್ರಿಗೂ ಗೊತ್ತಲ್ವಾ?"

ಎಲ್ಲರಿಗೂ ಗೊತ್ತಿರುವ ಸಾಲು ಹಾಕಿದೆ. ಸರಿಯಾಯಿತು. ಕಂಪ್ಯೂಟರಿನ ಲೆಕ್ಕದಲ್ಲಿ 'ನಮಸ್ಕಾರ' ಅಂದರೆ ಒತ್ತು, ದೀರ್ಘ ಎಲ್ಲ ಬಿಡಿಸಿಟ್ಟು ಏಳು ತುಂಡು. ಯುಟಿಎಫ್-8 ಅನ್ನುವ ಅಕ್ಷರ ಬರೆದಿಡುವ ಪದ್ಧತಿಯಲ್ಲಿ ಒಂದೊಂದು ತುಂಡಿಗೆ ಮೂರು ಬೈಟ್, ಒಟ್ಟು 21. ಮೂರು ಮೂರಾಗಿ ಓದು ಅಂತ ಮೊದಲೇ ಹೇಳದಿದ್ದರೆ ಬ್ರೌಸರ್ ಒಂದೊಂದಾಗಿ ಓದಿ ಕೈತೊಳೆದುಕೊಳ್ಳುತ್ತದೆ. ಹೋಗಲಿ, ಅದರ ಮೇಲೆ ನನಗೆ ಅಷ್ಟು ಕೋಪ ಇಲ್ಲ.

ಅದೇ ಖುಷಿಯಲ್ಲಿ ಬ್ರೌಸರಿನ ಮೇಲಿದ್ದ ವಿಳಾಸವನ್ನು ನಕಲು ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. 'ನನ್ನ ವೆಬ್‌ಸೈಟ್. ನೋಡಿ ಹೇಳಿ.' ವಿಳಾಸ 'ಫೈಲ್' ಅಂತ ಶುರುವಾಗಿ, ಮೂರು ಓರೆಗೀಟು ದಾಟಿ, ಸಿ ಡ್ರೈವ್ ಹೊಕ್ಕು, ಡೆಸ್ಕ್‌ಟಾಪ್ ಮೇಲೆ ಹೋಗಿ ನಿಂತಿತ್ತು. ಅದು ನನ್ನ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ವಿಳಾಸ, ಹೊರಗಿನ ಯಾರಿಗೂ ತೆರೆಯುವುದಿಲ್ಲ ಅಂತ ನನಗೇನು ಗೊತ್ತು? ಐದೇ ನಿಮಿಷಕ್ಕೆ ಭಾವ ಉತ್ತರ ಕೊಟ್ಟರು. 'ತುಂಬಾ ಚೆನ್ನಾಗಿ ಬಂದಿದೆ.' ಆಮೇಲೆ ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಭಾವ ಏನನ್ನು ಹೊಗಳಿದರೂ ನನಗೆ ಅನುಮಾನ.

ರಾತ್ರಿ ಯಾರಾದರೂ ನೋಡಲಿ ಅಂತ ಲ್ಯಾಪ್‌ಟಾಪ್ ಆಫ್ ಮಾಡದೆ ಮಲಗಿದೆ. ನನ್ನಾಕೆ ಎದ್ದು ಆಫ್ ಮಾಡಿದಳು.

ನಗುವವರು ನಗಲಿ. 1990ರ ಕೊನೆಯಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್‌ಸೈಟ್ ಮಾಡಿದಾಗ ಅದು ಕೂತಿದ್ದು ಅವರ ಸ್ವಂತ ಕೆಲಸದ, ನೆಕ್ಸ್ಟ್ ಅನ್ನುವ ಕಂಪನಿಯ ಕಂಪ್ಯೂಟರಿನಲ್ಲೇ. ಕೇಳಿದವರಿಗೆ ಪುಟ ಕಳಿಸುವ ಸರ್ವರೂ ಅದೇ. ಯಾರಾದರೂ ಆಫ್ ಮಾಡಿದರೆ ಮುಗೀತು, ವೆಬ್ಬೇ ಇಲ್ಲ. ಅದಕ್ಕೇ ಅದರ ಮೇಲೆ ಕೆಂಪು ಇಂಕಿನಲ್ಲಿ 'ಈ ಯಂತ್ರ ಸರ್ವರ್, ಆಫ್ ಮಾಡಬೇಡಿ' ಅಂತ ಚೀಟಿ ಅಂಟಿಸಿದ್ದರು. ಅಂದರೆ ನಾನು ಮಾಡಿದ್ದು ಸರಿಯೇ. ವರ್ಷ ಮಾತ್ರ ತಪ್ಪಿತ್ತು.

ಅವರ ಹೆಸರು ಬಂತು, ಇನ್ನೊಂದು ಮಾತು ಹೇಳಿಬಿಡುತ್ತೇನೆ. ವೆಬ್ ವಿಳಾಸದಲ್ಲಿ ಎರಡು ಓರೆಗೀಟು ಬರುತ್ತವಲ್ಲ, ಅವು ಬೇಕಾಗೇ ಇರಲಿಲ್ಲ ಅಂತ ಅವರೇ 2009ರಲ್ಲಿ ಒಪ್ಪಿಕೊಂಡರು. ಇನ್ನು ಯಾವ ಪುಟದಿಂದ ಬಂದಿರಿ ಅಂತ ಸರ್ವರಿಗೆ ತಿಳಿಸುವ 'ರೆಫರರ್' ಪದ. ಅದನ್ನು ಬರೆದವರು ಒಂದು 'ಆರ್' ನುಂಗಿಬಿಟ್ಟಿದ್ದಾರೆ. ಆ ಕಾಗುಣಿತ ತಪ್ಪು 1996ರ ನಿಯಮದ ದಾಖಲೆಯಲ್ಲಿ ಹಾಗೇ ಅಚ್ಚಾಗಿದೆ. ಇವತ್ತಿಗೂ ಅದೇ ಸರಿ, ತಿದ್ದಿ ಬರೆದರೆ ತಪ್ಪು.

ಈಗ ನನ್ನ ತಪ್ಪಿಗೆ ಬನ್ನಿ. ಸಿಎಸ್‌ಎಸ್‌ನಲ್ಲಿ (ಪುಟದ ಬಣ್ಣ, ಅಳತೆ, ಅಂದಚೆಂದ ಬರೆಯುವ ಭಾಷೆ ಅದು) ಒಂದು ಸಾಲಿನ ಕೊನೆಗೆ ಅರ್ಧವಿರಾಮ ಹಾಕಲು ಮರೆತೆ. ಆ ಸಾಲೂ ಹೋಯಿತು, ಏನೂ ಪಾಪ ಮಾಡದ ಅದರ ಕೆಳಗಿನ ಸಾಲೂ ಹೋಯಿತು. ಹೋಗಲಿ, ಬೈಯಬಹುದಲ್ಲ? ಕೆಂಪು ಅಕ್ಷರದಲ್ಲಿ 'ದಡ್ಡ, ಹನ್ನೊಂದನೇ ಸಾಲು ನೋಡು' ಅನ್ನಬಹುದಲ್ಲ? ಇಲ್ಲ. ಬ್ರೌಸರ್ ತನಗೆ ಅರ್ಥವಾಗದ್ದನ್ನು ಸದ್ದಿಲ್ಲದೆ ಹಾರಿಸಿ ಮುಂದೆ ಹೋಗುತ್ತದೆ. ಮಾತು ಬಿಟ್ಟು ಕೂತವರ ಜೊತೆ ಸಂಸಾರ ಮಾಡಿದ ಹಾಗೆ. ಏನು ತಪ್ಪಾಯಿತು ಅಂತ ನಾವೇ ಕಂಡುಹಿಡಿಯಬೇಕು.

ಇನ್ನು ಬಣ್ಣದ ವಿಷಯ.

ಪುಟದ ತಲೆಯಲ್ಲಿ ಒಂದು ಪಟ್ಟಿ ಇತ್ತು. ಅದಕ್ಕೆ 'ಗ್ರೇ' ಅಂತ ಬರೆದೆ, ಬೂದು ಬಂತು. ಚೆನ್ನಾಗೇ ಇತ್ತು. ಇನ್ನೂ ಸ್ವಲ್ಪ ಗಾಢವಾಗಿರಲಿ ಅನ್ನಿಸಿತು. ವಿಡಿಯೊ ಹುಡುಗ ಹೇಳಿದ್ದ, ಬಣ್ಣಗಳಿಗೆ ಹೆಸರಿವೆ, ಹೆಸರು ಹಿಡಿದು ಕರೆದರೆ ಸಾಕು, ಸಿಂಪಲ್. 'ಡಾರ್ಕ್‌ಗ್ರೇ' ಅಂತ ಬರೆದೆ. ಪಟ್ಟಿ ತೆಳುವಾಯಿತು.

ರಿಫ್ರೆಶ್ ಮಾಡಿದೆ. ಕಂಟ್ರೋಲ್ ಹಿಡಿದೂ ಮಾಡಿದೆ. ಅರ್ಧವಿರಾಮ ನೋಡಿದೆ, ಇತ್ತು. 'ಗ್ರೇ' ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಇದೆಯಲ್ಲ, ಅಲ್ಲೇ ಎಡವಟ್ಟಾಗಿರಬೇಕು ಅಂತ ಇನ್ನೊಂದು ಥರ ಬರೆದು ನೋಡಿದೆ. ಎರಡೂ ನಡೆಯುತ್ತದೆ. (ಆದರೆ 'ಕಲರ್' ಪದವನ್ನು ಮಾತ್ರ ಅಮೆರಿಕದವರ ಹಾಗೆಯೇ ಬರೆಯಬೇಕು. ಒಂದು 'ಯು' ಜಾಸ್ತಿ ಹಾಕಿದರೆ ಮತ್ತೆ ಮೌನ.) ಕನ್ನಡಕ ಒರೆಸಿದೆ. ಸ್ಕ್ರೀನಿನ ಬೆಳಕು ಕಮ್ಮಿ ಮಾಡಿದೆ, ಆಗ ಎಲ್ಲವೂ ಗಾಢವಾಗಿ ಕಂಡಿತು. ಎರಡೂ ಬಣ್ಣದ ಪಟ್ಟಿಗಳನ್ನು ಒಂದರ ಕೆಳಗೆ ಒಂದು ಇಟ್ಟು ನನ್ನಾಕೆಯನ್ನು ಕರೆದೆ.

"ಇದರಲ್ಲಿ ಯಾವುದು ಜಾಸ್ತಿ ಗಾಢ, ಹೇಳು."

"ಇದು," ಅಂತ ಬರೀ 'ಗ್ರೇ' ತೋರಿಸಿದಳು.

"ಸರಿಯಾಗಿ ನೋಡು. ಕೆಳಗಿನದರ ಹೆಸರೇ ಡಾರ್ಕ್‌ಗ್ರೇ."

"ಹೆಸರು ನೋಡಿ ಬಣ್ಣ ಹೇಳ್ಬೇಕೇನ್ರೀ?"

ಆ ಮಾತು ಮನಸ್ಸಿಗೆ ನಾಟಿತು. ಪುಟ ಬಿಟ್ಟು ಬಣ್ಣದ ಹಿಂದೆ ಬಿದ್ದೆ. ಒಂದು ಸಂಜೆಯಲ್ಲ, ಮೂರು ಸಂಜೆ. ಕಂಪ್ಯೂಟರಿಗೆ 0 ಅಂದರೆ ಕಪ್ಪು, 255 ಅಂದರೆ ಬಿಳಿ, ನಡುವಿನದೆಲ್ಲ ಬೂದು. ವೆಬ್ಬಿನ ಹಳೇ ಪಟ್ಟಿಯಲ್ಲಿ ಹೆಸರಿದ್ದ ಬಣ್ಣಗಳು ಬರೀ 16. ಅದರಲ್ಲಿ ಗ್ರೇ ಅಂದರೆ 128. ಇತ್ತ ಯುನಿಕ್ಸ್ ಕಂಪ್ಯೂಟರುಗಳಲ್ಲಿ ಪರದೆಯ ಮೇಲೆ ಚಿತ್ರ, ಕಿಟಕಿ ಮೂಡಿಸುವ ಎಕ್ಸ್11 ಅನ್ನುವ ಬೇರೊಂದು ವ್ಯವಸ್ಥೆ ಇತ್ತು. ಅದರ ಬಣ್ಣದ ಪಟ್ಟಿ ಉದ್ದ. ಅಲ್ಲಿ ಗ್ರೇ 190, ಡಾರ್ಕ್‌ಗ್ರೇ 169. ಅವರ ಮನೆಯಲ್ಲಿ ಅದು ಗಾಢವೇ. ಯಾರದ್ದೂ ತಪ್ಪಿಲ್ಲ. ಆಮೇಲೆ ಎರಡೂ ಪಟ್ಟಿ ಸೇರಿಸಿದರು. ಗ್ರೇ ಯಾರದ್ದು ಇಟ್ಟುಕೊಳ್ಳೋದು ಅಂತ ಬಂದಾಗ ವೆಬ್ಬಿನ 128 ಉಳಿಯಿತು. ಡಾರ್ಕ್‌ಗ್ರೇ ಮಾತ್ರ ಅಲ್ಲಿಂದ ತಂದ 169ರಲ್ಲೇ ನಿಂತಿತು. ಅಲ್ಲಿಂದ ಇಲ್ಲಿವರೆಗೆ ಕಡುಬೂದು ಬಣ್ಣ ಬೂದಿಗಿಂತ ತೆಳು. ಪಟ್ಟಿ ಸೇರಿಸುವಾಗ ಒಂದು ನಿಮಿಷ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಾರದಿತ್ತಾ? ಮನೆಯಲ್ಲಿ ಯಾರನ್ನಾದರೂ ಕರೆದು ಕೇಳಬಾರದಿತ್ತಾ?

ಈಗ ತಿದ್ದುವ ಹಾಗಿಲ್ಲ. ಲೋಕದಲ್ಲಿ ಎಷ್ಟೋ ಪುಟಗಳು ಆ ಹೆಸರನ್ನು ನಂಬಿ ನಿಂತಿವೆ. ಇವತ್ತು ಸರಿ ಮಾಡಿದರೆ ನಾಳೆ ಬೆಳಿಗ್ಗೆ ಅವೆಲ್ಲ ಬಣ್ಣ ಬದಲಾಯಿಸಿಕೊಂಡು ಕೂರುತ್ತವೆ. ಇದು ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಅಂದ ಮಾತ್ರಕ್ಕೆ ಒಪ್ಪಿಗೆ ಅಂತಲ್ಲ. ಅವರು ಒಂದು 'ಆರ್' ನುಂಗಿದರೆ ನಿಯಮ, ನಾನು ಒಂದು ಅರ್ಧವಿರಾಮ ನುಂಗಿದರೆ ಎರಡು ಸಾಲು ಜಪ್ತಿ. ಇದನ್ನು ಅಕ್ಕನ ಮಗನಿಗೆ ಫೋನ್ ಮಾಡಿ, ಇಸವಿ ಸಮೇತ, ಇಪ್ಪತ್ತು ನಿಮಿಷ ವಿವರಿಸಿದೆ. ಆ ಕಡೆಯಿಂದ ಸದ್ದೇ ಇರಲಿಲ್ಲ. ಕೇಳಿಸ್ತಾ ಇದೆಯೇನೋ ಅಂದೆ.

"ಕೇಳಿಸ್ತಿದೆ ಮಾಮ. ಡಿಮ್‌ಗ್ರೇ ಅಂತ ಹಾಕಿ."

ಹಾಕಿದೆ. ಡಿಮ್‌ಗ್ರೇ 105. ಬೂದಿಗಿಂತ ಗಾಢ, ನನಗೆ ಬೇಕಾಗಿದ್ದು ಅದೇ. ಸಂತೋಷವೇನೂ ಆಗಲಿಲ್ಲ. ಮೂರು ಸಂಜೆ ಹೋರಾಡಿದ ಮೇಲೆ ಒಂದು ಪದದಲ್ಲಿ ಗೆದ್ದರೆ ಏನು ಗೆದ್ದ ಹಾಗೆ?

ಆಮೇಲೆ ಸೈಟಿಗೆ ಜಾಗ ಹಿಡಿದು, ಹೆಸರು ಕೊಂಡು, ಫೈಲ್ ಏರಿಸಿದ್ದು ಎಲ್ಲ ಅಕ್ಕನ ಮಗನೇ. ಅದನ್ನು ನನಗೆ ಕಲಿಸಲು ಅವನು ಒಪ್ಪಲಿಲ್ಲ. ಈ ಸಲ ನಿಜವಾದ ವಿಳಾಸ ಕಳಿಸಿದೆ. ಭಾವ ಐದೇ ನಿಮಿಷಕ್ಕೆ 'ತುಂಬಾ ಚೆನ್ನಾಗಿ ಬಂದಿದೆ' ಅಂದರು. ಹಳೇ ಮೆಸೇಜನ್ನೇ ಮತ್ತೆ ಕಳಿಸಿದರೋ ಏನೋ. ಬ್ರೌಸರ್ ಥರದ ಮನುಷ್ಯ.

ನನ್ನಾಕೆ ತನ್ನ ಫೋನಿನಲ್ಲಿ ತೆರೆದಳು. ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದೇನ್ರೀ, ಇರುವೆ ಸಾಲು ಹೊರಟ ಹಾಗಿದೆ?"

ಇಣುಕಿ ನೋಡಿದೆ. ಇಡೀ ಪುಟ ಕುಗ್ಗಿ ಕೂತಿತ್ತು. ಕಂಪ್ಯೂಟರಿನ ಅಗಲದ ಪುಟವನ್ನು ಹಾಗೇ ಹಿಂಡಿ ಅಂಗೈಯಗಲದಲ್ಲಿ ತುರುಕಿದ್ದರು. ಫೋನಿನ ಅಗಲಕ್ಕೆ ಹೊಂದಿಕೋ ಅಂತಲೂ ಮೇಲೆ ಒಂದು ಸಾಲು ಬರೆಯಬೇಕಂತೆ. ಅದೂ ಎಲ್ಲರಿಗೂ ಗೊತ್ತಂತೆ.

"ನಿನ್ನ ಫೋನು ಹಳೇದು," ಅಂದೆ.

"ನೀವೇ ಹೋದ ತಿಂಗಳು ಕೊಡಿಸಿದ್ದು."

ಆ ದೊಡ್ಡ ವಿಷಯ ಹೇಳುತ್ತೇನೆ ಅಂದಿದ್ದೆ ಅಲ್ವಾ? ಹೇಳಬಹುದಿತ್ತು. ಆದರೆ ಡೆಸ್ಕ್‌ಟಾಪ್ ಮೇಲೆ ಈಗ 'ಇಂಡೆಕ್ಸ್', 'ಇಂಡೆಕ್ಸ್ ಹೊಸದು', 'ಇಂಡೆಕ್ಸ್ ಫೈನಲ್', 'ಇಂಡೆಕ್ಸ್ ಫೈನಲ್ 2' ಅಂತ ನಾಲ್ಕು ಫೈಲುಗಳಿವೆ. ಆ ಸಾಲನ್ನು 'ಫೈನಲ್'ಗೆ ಸೇರಿಸಿ ಒಂದು ಗಂಟೆಯಾಯಿತು. ನಾನು ಬ್ರೌಸರಿನಲ್ಲಿ ತೆರೆದಿಟ್ಟುಕೊಂಡಿರುವುದು 'ಹೊಸದು'.