ಸತ್ಯಾಂಶ: ಕಾಬುಕಿಚೊದಲ್ಲಿ ಕರೆದವರ ಹಿಂದೆ ಹೋಗಬಹುದೇ?

‘ಜಪಾನ್‌ನಲ್ಲಿ ಮೋಸವೇ ಇಲ್ಲ, ಟೋಕಿಯೊದ ಕಾಬುಕಿಚೊದಲ್ಲಿ ರಾತ್ರಿ ಯಾರು ಕರೆದರೂ ಧೈರ್ಯವಾಗಿ ಹೋಗಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ಉತ್ಪ್ರೇಕ್ಷೆ, ಎರಡನೆಯದು ಅಪಾಯಕಾರಿ.

ಶಿಂಜುಕು ರೈಲು ನಿಲ್ದಾಣದ ಪೂರ್ವ ದ್ವಾರದಿಂದ ಕೆಲವೇ ನಿಮಿಷ ನಡೆದರೆ ಕಾಬುಕಿಚೊ ಎಂಬ ರಾತ್ರಿ ಮನರಂಜನೆಯ ಬಡಾವಣೆ. ಮುಖ್ಯ ಬೀದಿಗಳಲ್ಲಿ ನಡುರಾತ್ರಿಯೂ ಬೆಳಕು, ಜನಜಂಗುಳಿ, ಸುತ್ತಾಡಲು ಹೆದರಬೇಕಿಲ್ಲ. ತೊಂದರೆ ಇರುವುದು ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಸೆಳೆಯುವ ದಲ್ಲಾಳಿಗಳಿಂದ. ಹೀಗೆ ಕರೆಯುವುದು ಅಲ್ಲಿ ಕಾನೂನುಬಾಹಿರ. ಅವರನ್ನು ನಂಬಬೇಡಿ ಎಂದು ಧ್ವನಿವರ್ಧಕಗಳಲ್ಲೇ ಎಚ್ಚರಿಸುತ್ತಾರೆ. ಈ ದಲ್ಲಾಳಿಗಳು ಅಗ್ಗದ ದರ ಹೇಳಿ ಮೇಲಿನ ಮಹಡಿಯ ಬಾರಿಗೆ ಕರೆದೊಯ್ಯುತ್ತಾರೆ, ಎದ್ದು ಹೊರಡುವಾಗ ಹತ್ತಾರು ಪಟ್ಟು ಬಿಲ್ ಮುಂದಿಡುತ್ತಾರೆ. ಪಾನೀಯಕ್ಕೆ ಮತ್ತಿನ ಪದಾರ್ಥ ಬೆರೆಸಿ ಹಣ ದೋಚುವವರ ಬಗ್ಗೆ ಅಮೆರಿಕದ ರಾಯಭಾರ ಕಚೇರಿಯೂ ತನ್ನ ನಾಗರಿಕರನ್ನು ಎಚ್ಚರಿಸಿದೆ. ನನ್ನ ಪ್ರಕಾರ ಒಂದೇ ನಿಯಮ ಸಾಕು: ಬಾರನ್ನು ನೀವೇ ಆರಿಸಿ, ಕರೆದವರ ಹಿಂದೆ ಹೋಗಬೇಡಿ.

ಹಾಗೆಂದು ಬಿಲ್ಲಿನಲ್ಲಿ ಕಾಣುವ ಪ್ರತಿ ಹೆಚ್ಚುವರಿ ಮೊತ್ತವೂ ವಂಚನೆಯಲ್ಲ. ಇಜಕಾಯಾಗಳಲ್ಲಿ, ಅಂದರೆ ಊಟ-ತಿಂಡಿಯೂ ಸಿಗುವ ಜಪಾನಿ ಬಾರುಗಳಲ್ಲಿ, ಕುಳಿತೊಡನೆ, ಕೇಳದೆಯೇ, ಒತೋಶಿ ಎಂಬ ಸಣ್ಣ ತಿನಿಸು ಬರುತ್ತದೆ. ಅದಕ್ಕೆ ಸಾಮಾನ್ಯವಾಗಿ ಕೆಲವು ನೂರು ಯೆನ್. (ಸಸ್ಯಾಹಾರಿಗಳು ವಿಚಾರಿಸಿಯೇ ತಿನ್ನಿ, ಮೀನಿನ ಸಾರ ಬಳಸುವುದು ಅಲ್ಲಿ ಸಹಜ.) ಕಾಬುಕಿಚೊದ ಅಂಚಿನ ಗೋಲ್ಡನ್ ಗಾಯ್‌ನ ಇಕ್ಕಟ್ಟು ಓಣಿಗಳಲ್ಲಿ 200ಕ್ಕೂ ಹೆಚ್ಚು ಪುಟ್ಟ ಬಾರುಗಳಿವೆ. ಕೆಲವೇ ಕುರ್ಚಿಗಳಿರುವ ಇವುಗಳಲ್ಲಿ ಹಲವು ಆಸನ ಶುಲ್ಕ ಪಡೆಯುತ್ತವೆ. ಎಷ್ಟೆಂದು ಮೊದಲೇ ಕೇಳುವುದು ಅಸಭ್ಯವಲ್ಲ. ಟಿಪ್ಸ್ ಕೊಡುವ ರೂಢಿಯಿಲ್ಲ. ಮದ್ಯಪಾನಕ್ಕೆ 20 ವರ್ಷ ತುಂಬಿರಬೇಕು.

ರಾತ್ರಿ 1ರ ಸುಮಾರಿಗೆ ರೈಲುಗಳು ನಿಲ್ಲುತ್ತವೆ. ತೊಂದರೆಯಾದರೆ ಹತ್ತಿರದ ಕೊಬಾನ್, ಅಂದರೆ ಪೊಲೀಸ್ ಚೌಕಿಗೆ ಹೋಗಿ ಅಥವಾ 110ಕ್ಕೆ ಕರೆ ಮಾಡಿ.