ಬಿಸಿನೀರು ಕುಡಿ, ಫ್ನೂ

ಇವತ್ತು ಬೆಳಿಗ್ಗೆ 8ರ ಕ್ಲಾಸು ತಪ್ಪಿತು. ಮಿಕ್ಸಿ ಜಾರಿನಲ್ಲಿ ಅರ್ಧ ಅರೆದ ಚಟ್ನಿ ಹಾಗೇ ಕೂತಿದೆ. ಇದಕ್ಕೆಲ್ಲ ಕಾರಣವಾದ ಕೆಟಲ್ಲು ಮಾತ್ರ ಅಡುಗೆಕಟ್ಟೆ ಮೇಲೆ ಏನೂ ಅರಿಯದ ಕೂಸಿನ ಹಾಗೆ ಹೊಳೆಯುತ್ತಿದೆ. ಸಿಟ್ಟು ಆರುವ ಮೊದಲು ಬರೆದುಬಿಡುತ್ತೇನೆ.

ಕೆಟಲ್ಲು ನನ್ನದಲ್ಲ, ರೂಮ್‌ಮೇಟಿನದು. ಅವನು ಚೀನಾದ ಚೆಂಗ್ಡು ಊರಿನವನು. ಆಗಸ್ಟಿನಲ್ಲಿ ಬಂದ. ಅವನ ಹೆಸರು ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ. ಮೊದಲ ದಿನ ಹೆಸರು ಕೂಗುತ್ತಿದ್ದ ಪ್ರೊಫೆಸರು ಅಲ್ಲಿಗೆ ಬಂದು ಗಕ್ಕನೆ ನಿಂತರು. ಕನ್ನಡಕ ಸರಿಮಾಡಿಕೊಂಡರು. ಆ ಮೌನ ಕೇಳಿದ ಕೂಡಲೇ ಇವನು ಕೈ ಎತ್ತಿದ. ಹೆಚ್ಚುಕಡಿಮೆ ನಮ್ಮ 'ಶ' ಅಂದರೆ ಸಾಕು, ಅಷ್ಟೇ. ಆದರೆ ಹೇಳಿಕೊಡಲು ನಾನ್ಯಾರು? ನನ್ನ ಪಾಡೇ ಇನ್ನೂ ಕೆಟ್ಟದಾಗಿತ್ತು.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗ ಖಾಲಿ. ದಾವಣಗೆರೆಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ, ಇನಿಷಿಯಲ್ ಸಾಕಿತ್ತು. ಅಮೆರಿಕದ ವೀಸಾದವರು ನನ್ನ ಇದ್ದೊಂದು ಹೆಸರನ್ನು ಸರ್‌ನೇಮಿಗೆ ಎಳೆದು ಹಾಕಿ, ಹೆಸರಿನ ಜಾಗದಲ್ಲಿ ಎಫ್ ಎನ್ ಯು ಅಂತ ಬರೆದರು. ಫಸ್ಟ್ ನೇಮ್ ಅನ್‌ನೋನ್. ಅಂದರೆ ಹೆಸರು ಗೊತ್ತಿಲ್ಲ! ನಾಮಕರಣಕ್ಕೆ ಅಜ್ಜಿ ಊರಿಗೆಲ್ಲ ಊಟ ಹಾಕಿಸಿದ್ದು ದಂಡ. ಯೂನಿವರ್ಸಿಟಿಯ ಪಟ್ಟಿಯಲ್ಲೂ ಅದೇ ಬಂತು. ಅದನ್ನು ಓದಿಕೊಂಡೇ ಬಂದಿದ್ದ ಹುಡುಗ, ಬಾಗಿಲು ತೆಗೆದಾಗ ಕೈ ಚಾಚಿ "ಹಲೋ ಫ್ನೂ" ಅಂದ. ಒಂದು ವಾರ ತಿದ್ದಿದೆ, ಆಮೇಲೆ ಕೈಬಿಟ್ಟೆ. ನಾನೂ ಅವನನ್ನು ಚೆಂಗ್ಡು ಅಂತಲೇ ಕರೆಯುತ್ತೇನೆ. ಊರ ಹೆಸರು ಹಿಡಿದು ಕರೆಯೋದು ನಮಗೇನು ಹೊಸದಾ?

ನಾವಿರೋದು ಇಲಿನಾಯ್ ರಾಜ್ಯದಲ್ಲಿ. ಊರಿನಿಂದ ಹತ್ತು ನಿಮಿಷ ಹೊರಗೆ ಹೋದರೆ ಎತ್ತ ನೋಡಿದರೂ ಮೆಕ್ಕೆಜೋಳ. ದಾವಣಗೆರೆಯಿಂದ ಸಾಲ ಮಾಡಿ, ವಿಮಾನ ಹತ್ತಿ, ಎರಡು ದಿನ ನಿದ್ದೆಗೆಟ್ಟು ಬಂದದ್ದು ಮತ್ತೆ ಮೆಕ್ಕೆಜೋಳದ ಹೊಲಕ್ಕೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಬಂದ ಹೊಸದರಲ್ಲಿ ನಮ್ಮಿಬ್ಬರ ಗೋಳೂ ಒಂದೇ ಥರ ಇತ್ತು. ಅವನು ಎಳನೀರಿನವನಿಗೂ ಫೋನಿನಲ್ಲಿ ದುಡ್ಡು ಕೊಡುವ ದೇಶದಿಂದ ಬಂದವನು, ನಾನೂ ಅಷ್ಟೇ. ಇಲ್ಲಿ ಮನೆ ಮಾಲೀಕರು "ಬಾಡಿಗೆಗೆ ಚೆಕ್ ಕೊಡಿ" ಅಂದರು. ಅವನು ಚೆಕ್ ಬುಕ್ಕನ್ನು ಮ್ಯೂಸಿಯಂನಲ್ಲಿ ತಾಳೆಗರಿ ನೋಡೋ ಹಾಗೆ ತಿರುಗಿಸಿ ನೋಡಿದ. ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಬರೆಯೋದು ಕಲಿತೆ. ಅಂಗಡಿಗೆ ಹೋದರೆ ಅವನು ಪ್ರತಿ ಬೆಲೆಯನ್ನೂ 7ರಿಂದ ಗುಣಿಸುತ್ತಾನೆ, ನಾನು 85ರಿಂದ. ಕೊತ್ತಂಬರಿ ಸೊಪ್ಪಿನ ಮುಂದೆ ನಿಂತು ಅವನು "ಅಯ್ಯೋ" ಅನ್ನುವಷ್ಟರಲ್ಲಿ ನಾನು ಬಾಗಿಲ ಹತ್ತಿರ ಹೋಗಿರುತ್ತೇನೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಬಿಸಿನೀರು.

ಚೆಂಗ್ಡು ತಣ್ಣೀರು ಮುಟ್ಟುವುದಿಲ್ಲ. ಹೋಟೆಲಿನಲ್ಲಿ ಕೂತರೆ ಮೊದಲು ಬರುವುದೇ ಲೋಟದ ಕಂಠದ ತನಕ ಐಸು, ಸಂದಿಯಲ್ಲಿ ಸ್ವಲ್ಪ ನೀರು. ಅವನು ಐಸ್ ಬೇಡ ಅನ್ನುತ್ತಾನೆ. ಐಸ್ ಇಲ್ಲದ ತಣ್ಣೀರು ಬರುತ್ತದೆ. ಬಿಸಿನೀರು ಅನ್ನುತ್ತಾನೆ. "ಟೀ ಬೇಕಾ?" ಅಂತಾರೆ. ಅಲ್ಲ, ಬರೀ ಬಿಸಿನೀರು. "ಗಂಟಲು ನೋವಾ?" ಅಂತಾರೆ. ಅಲ್ಲ. ಆ ಹುಡುಗಿ ಒಳಗೆ ಹೋಗಿ, ಪಾಪ, ಕನಿಕರಪಟ್ಟು ನಿಂಬೆಹೋಳು ಹಾಕಿ ತರುತ್ತಾಳೆ. ಅವನು ನಿಂಬೆಹೋಳನ್ನು ಚಮಚದಲ್ಲಿ ಎತ್ತಿ ನನ್ನ ತಟ್ಟೆಗೆ ಹಾಕುತ್ತಾನೆ. ಈವರೆಗೆ ಹನ್ನೊಂದು ನಿಂಬೆಹೋಳು ಬಂದಿವೆ.

ಅವರ ದೇಶದಲ್ಲಿ ರೈಲಿನಲ್ಲೂ ಕುದಿನೀರಿನ ನಲ್ಲಿ ಇರುತ್ತದಂತೆ. ಕಾಲೇಜುಗಳಲ್ಲಿ ಬಿಸಿನೀರಿಗಂತಲೇ ಒಂದು ಕೋಣೆ, ಹುಡುಗರು ಥರ್ಮಾಸ್ ಹಿಡಿದು ಸಾಲು ನಿಲ್ಲುತ್ತಾರಂತೆ. 1952ರಲ್ಲಿ ಶುರುವಾದ ಆರೋಗ್ಯ ಆಂದೋಲನದಲ್ಲಿ ಸರ್ಕಾರವೇ ಕುದಿಸಿದ ನೀರು ಕುಡಿಯಿರಿ ಅಂತ ಜನರ ಬೆನ್ನು ಹತ್ತಿತ್ತು ಅಂತ ಪಾಠ ಮಾಡಿದ. ಸರ್ಕಾರ ಹೇಳಿದ್ದನ್ನು ಇಷ್ಟು ಕಾಲ ನೆನಪಿಟ್ಟುಕೊಂಡ ಜನರನ್ನು ನಾನಂತೂ ಕಂಡಿರಲಿಲ್ಲ.

ತಾನು ಕುಡಿದುಕೊಂಡರೆ ಕುಡಿಯಲಿ ಬಿಡಿ. ನನಗೂ ಕುಡಿಸುತ್ತಾನೆ. ನೆಗಡಿ ಬಂತು ಅಂದರೆ "ದುವೊ ಹ ರ ಷುಯ್." ಜಾಸ್ತಿ ಬಿಸಿನೀರು ಕುಡಿ ಅಂತ ಅರ್ಥ. ಹೊಟ್ಟೆನೋವು ಅಂದರೂ ಅದೇ. ಮಿಡ್‌ಟರ್ಮಿನಲ್ಲಿ 100ಕ್ಕೆ 41 ಬಂದು ನಾನು ಗೋಡೆ ನೋಡುತ್ತಾ ಕೂತಿದ್ದೆ. ಪಕ್ಕಕ್ಕೆ ಬಂದು ಹೆಗಲು ಮುಟ್ಟಿದ. ಏನೋ ಸಮಾಧಾನ ಹೇಳುತ್ತಾನೆ ಅಂದುಕೊಂಡೆ. "ಫ್ನೂ, ಬಿಸಿನೀರು?" ಅಂದ. ಚೀನಾದಲ್ಲಿ ಹುಡುಗಿಯರು ಏನೇ ಕಷ್ಟ ಹೇಳಿಕೊಂಡರೂ ಹುಡುಗರು ಇದನ್ನೇ ಹೇಳುತ್ತಾರೆ ಅಂತ ದೊಡ್ಡ ಜೋಕೇ ಇದೆಯಂತೆ. ಅದನ್ನೂ ಅವನೇ ಹೇಳಿದ. ನಗಲಿಲ್ಲ.

ಈಗ ಕೆಟಲ್ಲಿನ ವಿಷಯ. ಅದು ಅವನ ಜೊತೆ ಸೂಟ್‌ಕೇಸಿನಲ್ಲಿ ಬಂದದ್ದು. ಅಲ್ಲಿನ ಕರೆಂಟು 220 ವೋಲ್ಟ್, ಇಲ್ಲಿನದು 120. ನಾನು ತಂದ ಮಿಕ್ಸಿ 110 ವೋಲ್ಟಿನದು, ಅಮೆರಿಕಕ್ಕೆ ಹೋಗುವವರಿಗೆಂದೇ ಬೆಂಗಳೂರಿನಲ್ಲಿ ಮಾರುವಂಥದ್ದು. ಇವನು ಕೆಲವು ಡಾಲರಿಗೆ ಒಂದು ಅಡಾಪ್ಟರ್ ಕೊಂಡು, ಪಿನ್ನು ಕೂತಿತು ಅಂತ ಖುಷಿಪಟ್ಟ. ಅಡಾಪ್ಟರಿನಿಂದ ಪಿನ್ನಿನ ಆಕಾರ ಬದಲಾಗುತ್ತದೆ, ವೋಲ್ಟೇಜು ಬದಲಾಗುತ್ತದಾ? ವೋಲ್ಟೇಜು ಅರ್ಧದ ಹತ್ತಿರ ಇಳಿದರೆ ಶಾಖ ಅರ್ಧ ಆಗುವುದಿಲ್ಲ, ಶೇಕಡಾ 30ಕ್ಕೆ ಬೀಳುತ್ತದೆ. 5 ನಿಮಿಷಕ್ಕೆ ಕುದಿಯಬೇಕಾದ ನೀರಿಗೆ 17 ನಿಮಿಷ. ಕೆಟಲ್ಲು ಬೇಸಿಗೆಯ ಎಮ್ಮೆಯ ಹಾಗೆ ಆಗೊಮ್ಮೆ ಈಗೊಮ್ಮೆ ಉಸಿರು ಬಿಡುತ್ತಿತ್ತು. ನಾವಿಬ್ಬರೂ ಕಟ್ಟೆಗೆ ಒರಗಿ ಅದರ ಮುಖ ನೋಡುತ್ತಾ ನಿಂತಿರುತ್ತಿದ್ದೆವು.

ಅಂದ ಹಾಗೆ ನಾವು ಓದುತ್ತಿರುವುದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಇಬ್ಬರೂ.

"20 ಡಾಲರ್ ಕೊಟ್ಟು ಇಲ್ಲಿಯದೇ ಒಂದು ತಗೋ ಮಾರಾಯ" ಅಂದೆ. ತಲೆ ಅಲ್ಲಾಡಿಸಿದ. "ನನ್ನ ಪಾತ್ರೆಯಲ್ಲಿ ಕಾಯಿಸಿಕೋ" ಅಂದೆ. ಒಂದು ಸಲ ಕಾಯಿಸಿದ. ಕುಡಿದು, ಬಹಳ ಮರ್ಯಾದೆಯಿಂದ, "ನಿಮ್ಮ ಪಾತ್ರೆ ಇನ್ನೂ ಸಾಂಬಾರನ್ನು ಮರೆತಿಲ್ಲ" ಅಂದ. ಇಂಗಿನ ಮೇಲೆ ನನಗೆ ಆ ದಿನ ಮೊದಲ ಸಲ ಬೇಜಾರಾಯಿತು.

ಆಮೇಲೆ ಒಂದು ರಾತ್ರಿ ಅವನ ಅಮ್ಮನ ಕಾಲ್ ಬಂತು. ರಾತ್ರಿ 9ಕ್ಕೆ ನಾವಿಬ್ಬರೂ ಮನೆಗೆ ಮಾತಾಡುವ ಹೊತ್ತು. ಆಗ ಚೆಂಗ್ಡುವಿನಲ್ಲಿ ಮರುದಿನ ಬೆಳಿಗ್ಗೆ 10, ದಾವಣಗೆರೆಯಲ್ಲಿ 7.30. ಅವನು ಫೋನನ್ನು ಕೆಟಲ್ಲಿಗೇ ಒರಗಿಸಿ ಮಾತಾಡುತ್ತಾನೆ. ಅವತ್ತು ಆಯಮ್ಮ ಹಿಂದೆ ಹಾದುಹೋದ ನನ್ನನ್ನು ನೋಡಿ ಏನೋ ಕೇಳಿದರು. ನೀವೂ ಬಿಸಿನೀರು ಕುಡಿಯುತ್ತಿದ್ದೀರಾ ಅಂತ. ಹೂಂ ಅಂದೆ. ನಕ್ಕರು. ಆ ಕೆಟಲ್ಲನ್ನು ಅವರೇ ದಪ್ಪ ಹೊದಿಕೆಯಲ್ಲಿ ಸುತ್ತಿ, ಒಳಗೆ ಖಾಲಿ ಜಾಗ ಯಾಕೆ ದಂಡ ಅಂತ ಸಿಚುವಾನ್ ಮೆಣಸಿನ ಪೊಟ್ಟಣ ತುಂಬಿ ಕಳಿಸಿದ್ದರಂತೆ. ಇತ್ತ ನನ್ನ ಅಮ್ಮ ಫೋನಿನಲ್ಲಿ, "ಜೀರಿಗೆ ನೀರು ಕಾಯಿಸ್ಕೊಂಡು ಕುಡಿಯಪ್ಪಾ" ಅನ್ನುತ್ತಿದ್ದಳು. ನಾನೂ ಮೂಟೆಯಲ್ಲಿ ಮೆಂತ್ಯದ ಹಿಟ್ಟಿನ ಡಬ್ಬಿ ತಂದಿದ್ದೇನೆ. ಖಾಲಿಯಾಗಿ ತಿಂಗಳಾಯಿತು. ಬಿಸಾಕಿಲ್ಲ. ಹೊಸ ಕೆಟಲ್ಲಿನ ಮಾತನ್ನು ಆಮೇಲೆ ನಾನು ಎತ್ತಲಿಲ್ಲ.

ಎತ್ತಬೇಕಿತ್ತು. ಯಾಕೆಂದರೆ ಕಳೆದ ಶನಿವಾರ ನಮ್ಮ ಸೀನಿಯರ್ ಒಬ್ಬರು ಊರು ಬಿಡುವಾಗ ಒಂದು ಟ್ರಾನ್ಸ್‌ಫಾರ್ಮರ್ ದಾನ ಮಾಡಿದರು. 120ನ್ನು 220 ಮಾಡುವಂಥದ್ದು, ರುಬ್ಬೋ ಕಲ್ಲಿನಷ್ಟು ಭಾರ. ಇಬ್ಬರೂ ಸೇರಿ ಹೊತ್ತು ತಂದೆವು. ಇವತ್ತು ಬೆಳಗಿನ ಜಾವ ಚೆಂಗ್ಡು ಕೆಟಲ್ಲನ್ನು ಅದಕ್ಕೆ ಸಿಕ್ಕಿಸಿದ. ಏನು ಸದ್ದು! ಎಮ್ಮೆ ಎದ್ದು ನಿಂತು ಗೂಳಿಯಾಯಿತು. ಅವನ ಮುಖದಲ್ಲಿ ಊರಿಗೆ ಹೋಗಿ ಬಂದ ಕಳೆ. ಅದೇ ಖುಷಿಯಲ್ಲಿ ನಾನು ಪಕ್ಕದ ಪ್ಲಗ್ಗಿನಲ್ಲಿ ಮಿಕ್ಸಿ ಹಾಕಿದೆ. ಚಟ್ನಿ ಎರಡು ಸುತ್ತು ತಿರುಗಿತು.

ಟಕ್.

ಅಡುಗೆಮನೆ, ನಡುಮನೆ, ವೈಫೈ ಎಲ್ಲ ಹೋಯಿತು. ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ಹಳೇ ಮನೆ, ಆ ಲೈನಿಗೆ 15 ಆಂಪಿಯರ್ ಮೀರಿದರೆ ಕರೆಂಟು ಕಡಿಯುವ ಬ್ರೇಕರು. ಕೆಟಲ್ಲೊಂದೇ ಅಷ್ಟನ್ನೂ ಎಳೆಯುತ್ತಿತ್ತು. ಬ್ರೇಕರ್ ಪೆಟ್ಟಿಗೆ ಇರೋದು ನೆಲಮಾಳಿಗೆಯಲ್ಲಿ, ಬೀಗದ ಕೈ ಮಾಲೀಕರ ಹತ್ತಿರ. ಕಾದೆವು. ರಿಪೇರಿಯವನು ಬಂದಾಗ 8.40. ಬ್ರೇಕರ್ ಎತ್ತಿ, ಟ್ರಾನ್ಸ್‌ಫಾರ್ಮರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ ಕೇಳಿದ: "ಏನು ಓದುತ್ತಿದ್ದೀರಿ?"

"ಹಿಸ್ಟರಿ" ಅಂದೆ ನಾನು.

"ಪವರ್ ಸಿಸ್ಟಮ್ಸ್" ಅಂದ ಚೆಂಗ್ಡು, ಅದೇ ಉಸಿರಿಗೆ.

ರಿಪೇರಿಯವನು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ತಪ್ಪಿಹೋದ ಕ್ಲಾಸು ಯಾವುದು ಗೊತ್ತಾ? ಸರ್ಕ್ಯೂಟ್ ಬ್ರೇಕರುಗಳದ್ದೇ. ರೂಮಿಗೆ ಬಂದು ಬ್ಯಾಗು ಎಸೆದು ಕೂತೆ. ಹಿಂದಿನಿಂದ ಹೆಜ್ಜೆ ಸದ್ದು. ಎರಡು ಲೋಟ ಹಿಡಿದು ನಿಂತಿದ್ದಾನೆ. ಕರೆಂಟು ಹೋಗುವ ಮೊದಲೇ ನೀರು ಕುದಿದಿತ್ತಂತೆ, ಥರ್ಮಾಸಿಗೆ ಬಗ್ಗಿಸಿ ಇಟ್ಟಿದ್ದನಂತೆ.

"ಫ್ನೂ..." ಅಂದ.

"ಗೊತ್ತು, ಕೊಡು" ಅಂದೆ.